ತೋಟದ ಕೆಲಸಕ್ಕೆ ಕುದುರೆ: ಗೆಲ್ಡಿಂಗೋ, ಹೆಣ್ಣೋ, ಬೀಜದ ಗಂಡೋ?

ಕನಕಪುರ ರಸ್ತೆ, ಹೆಸರಘಟ್ಟ, ದೇವನಹಳ್ಳಿ ಕಡೆ ನಾಲ್ಕೈದು ಎಕರೆ ಇರುವವರು ಕುದುರೆ ಕೊಳ್ಳಲು ಹೊರಟಾಗ ಮೊದಲು ಕೇಳುವುದು ತಳಿ, ಆಮೇಲೆ ಬಣ್ಣ, ಆಮೇಲೆ ಎತ್ತರ. ಗಂಡೋ ಹೆಣ್ಣೋ, ಗಂಡಾದರೆ ಬೀಜ ಒಡೆಸಿದ ಗೆಲ್ಡಿಂಗೋ, ಒಡೆಸದ ಬೀಜದ ಗಂಡೋ ಅನ್ನುವ ಮಾತು ಬರುವುದು ಚೌಕಾಶಿ ಮುಗಿಯುವ ಹೊತ್ತಿಗೆ. ಈ ಕ್ರಮ ತಲೆಕೆಳಗಾಗಬೇಕು. ಲಾಯ ಎಷ್ಟು ದೂರದಲ್ಲಿರಬೇಕು, ಬೇಲಿ ಎಷ್ಟು ಎತ್ತರ, ಯಾರು ಹತ್ತಬಹುದು, ಸೈಸ್ (ಕುದುರೆ ನೋಡಿಕೊಳ್ಳುವ ಆಳು) ಊರಿಗೆ ಹೋದಾಗ ಯಾರು ನೋಡಿಕೊಳ್ಳುತ್ತಾರೆ, ಇವೆಲ್ಲ ಬಣ್ಣದಿಂದ ನಿರ್ಧಾರವಾಗುವುದಿಲ್ಲ.

ಇಲ್ಲಿ ಕೆಲಸ ಅಂದರೆ ರೇಸ್ ಅಲ್ಲ, ಶೋ ಅಲ್ಲ. ಬೇಲಿ ಸುತ್ತಿ ಬರುವುದು, ದನ ಹೊಡೆಯುವುದು, ವಾರಾಂತ್ಯಕ್ಕೆ ಬಂದವರನ್ನು ಹತ್ತಿಸಿಕೊಂಡು ಕೆರೆ ಏರಿಯ ಮೇಲೆ ಒಂದು ಸುತ್ತು ಹಾಕಿಸುವುದು, ಮಕ್ಕಳಿಗೆ ಸವಾರಿ ಕಲಿಸುವುದು. ಈ ಕೆಲಸದ ಕುದುರೆಗೆ ಇರಬೇಕಾದ ಮುಖ್ಯ ಗುಣ ಒಂದೇ: ನಿನ್ನೆ ಹೇಗಿತ್ತೋ ಇವತ್ತೂ ಹಾಗೇ ಇರಬೇಕು, ಹತ್ತಿದವರು ಬದಲಾದರೂ ಹಾಗೇ ಇರಬೇಕು. ಅದಕ್ಕೇ ನಮ್ಮ ಮೊದಲ ಆಯ್ಕೆ ಗೆಲ್ಡಿಂಗ್. ಒಬ್ಬರೇ ಸವಾರಿ ಮಾಡುವುದಾದರೆ ಒಳ್ಳೆಯ ಹೆಣ್ಣು ಕುದುರೆ ಅದಕ್ಕಿಂತ ಒಂದು ಕೈ ಮೇಲೂ ಆಗಬಹುದು. ಬೀಜದ ಗಂಡು ಮಾತ್ರ ತಳಿ ಬೆಳೆಸುವ ಉದ್ದೇಶ, ಅದಕ್ಕೆ ತಕ್ಕ ಜಾಗ, ಪಳಗಿದ ಆಳು ಮೂರೂ ಇದ್ದವರಿಗೆ.

ಅಮೆರಿಕದ ಪಶ್ಚಿಮ ಭಾಗದ ರ‍್ಯಾಂಚ್‌ಗಳು ಹಿಂದೆಯೇ ಇದೇ ತೀರ್ಮಾನಕ್ಕೆ ಬಂದಿದ್ದವು. ದನಗಾಹಿಗಳು ದಿನಕ್ಕೆ ಒಂದೆರಡು ಸಲ ಕುದುರೆ ಬದಲಿಸುತ್ತಿದ್ದರು. ಹಾಗೆ ಬದಲಿಸಲು ಜೊತೆಗೆ ಸಾಗುತ್ತಿದ್ದ ಕುದುರೆಗಳ ಗುಂಪಿಗೆ ರಿಮೂಡಾ ಎಂದು ಹೆಸರು. ಅದರಲ್ಲಿ ಸಾಮಾನ್ಯವಾಗಿ ಗೆಲ್ಡಿಂಗ್‌ಗಳೇ ಇರುತ್ತಿದ್ದವು. ಹೆಣ್ಣುಗಳು ಮರಿ ಹಾಕುವ ಗುಂಪಿನಲ್ಲಿ ಬೇರೆ. ರಾತ್ರಿ ಬಯಲಲ್ಲಿ ಬಿಟ್ಟ ಗುಂಪಿನಲ್ಲಿ ಒಂದು ಹೆಣ್ಣು ಬೆದೆಗೆ ಬಂದರೆ ಬೆಳಿಗ್ಗೆ ಅರ್ಧ ಗುಂಪನ್ನು ಹುಡುಕಿಕೊಂಡು ಹೋಗಬೇಕಾಗುತ್ತಿತ್ತು. ಹಾಗೆಂದು ಇದು ಜಗತ್ತಿಗೆಲ್ಲ ಒಂದೇ ನಿಯಮವಲ್ಲ. ಅರೇಬಿಯಾದ ಬೆಡೋಯಿನ್ನರು ದಾಳಿಗೆ ಹೆಣ್ಣನ್ನೇ ಹತ್ತುತ್ತಿದ್ದರು, ಶತ್ರುವಿನ ಕುದುರೆ ಕಂಡರೂ ಅದು ಕೆನೆಯುವುದಿಲ್ಲ ಎಂದು. ಸ್ಪೇನಿನಲ್ಲಿ ಹೋರಿಗಳನ್ನು ಸಂಭಾಳಿಸುವ ಸವಾರರು ಬೀಜದ ಗಂಡುಗಳ ಮೇಲೆ ಇವತ್ತಿಗೂ ಕೆಲಸ ಮಾಡುತ್ತಾರೆ. ಆದರೆ ಅಲ್ಲಿ ಸವಾರ, ಕುದುರೆ ಇಬ್ಬರೂ ವರ್ಷಗಟ್ಟಲೆ ಪಳಗಿದವರು. ನಮ್ಮಲ್ಲಿ ಶನಿವಾರ ಬೆಳಿಗ್ಗೆ ವೈಟ್‌ಫೀಲ್ಡಿನಿಂದ ಕಾರಿನಲ್ಲಿ ಬಂದವರು ಹತ್ತುತ್ತಾರೆ.

ಮೊದಲು ಗಂಡಿನ ವಿಷಯ ಮುಗಿಸೋಣ, ಏಕೆಂದರೆ ಹೆಚ್ಚು ಜನ ಎಡವುವುದು ಇಲ್ಲೇ. ಮಹಾರಾಷ್ಟ್ರದ ಸಾರಂಗಖೇಡಾ ಜಾತ್ರೆಯಲ್ಲೋ ರಾಜಸ್ಥಾನದ ಪುಷ್ಕರದಲ್ಲೋ ಕತ್ತು ಬಿಲ್ಲಿನಂತೆ ಬಾಗಿದ ಮಾರ್ವಾಡಿ ತಳಿಯ ಗಂಡು ಕುದುರೆಯನ್ನು ನೋಡಿದವರಿಗೆ ಬೇರೆ ಕುದುರೆ ಕಣ್ಣಿಗೆ ಹಿಡಿಸುವುದಿಲ್ಲ. ಆದರೆ ಅಂಥ ಕುದುರೆಗಳಲ್ಲಿ ಹಲವಕ್ಕೆ ಕುಣಿತ ಕಲಿಸಿರುತ್ತಾರೆ. ಬಾಯಿಯ ಮೇಲೆ ಲಗಾಮಿನ ಎಳೆತ ಬಿದ್ದರೆ ಮುಂಗಾಲು ಎತ್ತಬೇಕು ಎಂಬುದೇ ಅದಕ್ಕೆ ಗೊತ್ತಿರುವ ಪಾಠ. ಹೊಸ ಸವಾರ ಹೆದರಿದಾಗ ಮೊದಲು ಮಾಡುವುದೇ ಲಗಾಮು ಎಳೆಯುವುದು. ಕುದುರೆ ಕಲಿತದ್ದನ್ನು ಒಪ್ಪಿಸುತ್ತದೆ, ಸವಾರ ಹಿಂದಕ್ಕೆ ಬೀಳುತ್ತಾನೆ. ಇದರಲ್ಲಿ ಕುದುರೆಯ ತಪ್ಪೇನೂ ಇಲ್ಲ.

ಬೀಜದ ಗಂಡನ್ನು ಇಡುವುದಾದರೆ ಬೇಲಿ ಆರು ಅಡಿ ಎತ್ತರವಿರಲಿ, ಪಕ್ಕದ ಕುದುರೆಗಳ ಬೇಲಿಗೂ ಇದಕ್ಕೂ ನಡುವೆ ಕನಿಷ್ಠ ಎಂಟು ಹತ್ತು ಅಡಿ ಅಂತರವಿರಲಿ. ಮುಳ್ಳುತಂತಿ ಬೇಡವೇ ಬೇಡ. ಅದರ ಮೇಲೆ ಕಾಲು ಹಾಕಿದ ಕುದುರೆ ಜನ್ಮಕ್ಕೆ ಕುಂಟಬಹುದು. ಇದು ಖರ್ಚಿನ ಮಾತಾಯಿತು. ಕಷ್ಟದ ಮಾತು ಆಳಿನದು. ಗಂಡು ಕುದುರೆ ಒಬ್ಬ ಸೈಸ್‌ಗೆ ಒಗ್ಗಿಕೊಂಡಿರುತ್ತದೆ. ಆತ ಯುಗಾದಿಗೋ ರಂಜಾನಿಗೋ ಒಂದು ವಾರ ಊರಿಗೆ ಹೋದರೆ ಲಾಯದ ಲದ್ದಿ ತೆಗೆಯಲೂ ಒಳಗೆ ಹೋಗುವವರಿರುವುದಿಲ್ಲ. ಐದು ದಿನ ಕಟ್ಟಿದಲ್ಲೇ ನಿಂತು ಪೂರ್ತಿ ಹುರುಳಿ ತಿಂದ ಗಂಡನ್ನು ಆರನೇ ದಿನ ಜೀನು ಹಾಕಿ ಹೊರಗೆ ತಂದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಗುಂಪಿನಲ್ಲಿ ಸವಾರಿ ಹೋಗುವಾಗಲೂ ಹೆಣ್ಣು ಕುದುರೆ ಅದರ ನೇರ ಮುಂದೆ ಬರದಂತೆ ನೋಡಿಕೊಳ್ಳಬೇಕು, ನಡುವೆ ಮೂರು ಕುದುರೆಯಷ್ಟು ಉದ್ದದ ಜಾಗ ಬಿಡಬೇಕು. ಕಿರಿದಾದ ತೋಟದ ದಾರಿಯಲ್ಲಿ ಇದು ಪ್ರತಿ ಸಲ ಆಗುವ ಮಾತಲ್ಲ.

ಒಳ್ಳೆಯ ಗಂಡು ಕುದುರೆಗಳಿಲ್ಲವೇ? ಇವೆ. ಚಿಕ್ಕಂದಿನಿಂದ ಬೇರೆ ಕುದುರೆಗಳ ನಡುವೆ ಬೆಳೆದು, ಮಾಡಬಾರದ್ದನ್ನು ಮಾಡಿದಾಗಲೆಲ್ಲ ತಡೆಸಿಕೊಂಡು ಬೆಳೆದದ್ದು ಮೇಕೆಯಷ್ಟು ಸಾಧುವಾಗಿರುತ್ತದೆ. ಆದರೆ ಮಾರಾಟಕ್ಕೆ ಬರುವ ಗಂಡುಗಳಲ್ಲಿ ಹೆಚ್ಚಿನವು ಒಂಟಿಯಾಗಿ ಕಟ್ಟಿ ಬೆಳೆಸಿದವು.

ಬೆಂಗಳೂರಿನಲ್ಲಿ ಇನ್ನೊಂದು ದಾರಿ ಇದೆ, ರೇಸಿನಿಂದ ನಿವೃತ್ತಿಯಾದ ಥರೋಬ್ರೆಡ್ ಎಂಬ ರೇಸ್ ತಳಿಯ ಕುದುರೆ. ನಾಲ್ಕರಿಂದ ಏಳು ವರ್ಷದ ಕುದುರೆ ಅಗ್ಗಕ್ಕೆ, ಕೆಲವೊಮ್ಮೆ ಪುಕ್ಕಟೆಯಾಗಿಯೂ ಸಿಗುತ್ತದೆ. ಅದರಲ್ಲಿ ಬೀಜ ಒಡೆಸದ ಗಂಡುಗಳೂ ಇರುತ್ತವೆ. ‘ಮನೆಗೆ ತಂದು ಆಮೇಲೆ ಒಡೆಸಿದರಾಯಿತು’ ಎಂದು ತರುತ್ತಾರೆ. ಒಡೆಸಬಹುದು, ತಪ್ಪಿಲ್ಲ. ಆದರೆ ಅದು ಚಿಕ್ಕ ಕೆಲಸವಲ್ಲ, ತಂದ ಮರುದಿನವೇ ಮಾಡುವ ಕೆಲಸವೂ ಅಲ್ಲ.

ಬೀಜ ಒಡೆಸಲು ಸಲೀಸಾದ ವಯಸ್ಸು ಆರು ತಿಂಗಳಿಂದ ಒಂದೂವರೆ ವರ್ಷ. ಬೆಳೆದ ಗಂಡಿನಲ್ಲಿ ರಕ್ತನಾಳ ದಪ್ಪ, ಹಾಗಾಗಿ ರಕ್ತ ಹೋಗುವ ಭಯ ಹೆಚ್ಚು. ಪಶುವೈದ್ಯರು ನಾಳವನ್ನು ಒತ್ತಿ ಕತ್ತರಿಸುವುದರ ಜೊತೆಗೆ ದಾರದಿಂದ ಕಟ್ಟುತ್ತಾರೆ. ನಮ್ಮ ಹವೆಗೆ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಜೂನ್‌ನಿಂದ ಅಕ್ಟೋಬರ್‌ವರೆಗೆ ನೊಣ ಜಾಸ್ತಿ, ಗಾಯಕ್ಕೆ ಹುಳ ಬೀಳುತ್ತದೆ, ನೆಲ ಕೆಸರು. ಎತ್ತಿಗೆ ಮಾಡಿದ ಹಾಗೆ ಹೊರಗಿನಿಂದ ಇಕ್ಕಳದಲ್ಲಿ ಹಿಸುಕುವುದು ಕುದುರೆಗೆ ನಡೆಯುವುದಿಲ್ಲ. ಅರಿವಳಿಕೆ ಕೊಟ್ಟು, ಕೊಯ್ದು ತೆಗೆಯಬೇಕು. ಕುದುರೆ ಕೆಲಸ ಮಾಡಿ ಅಭ್ಯಾಸವಿರುವ ವೈದ್ಯರೇ ಬೇಕು. ಊರಿನ ದನದ ಡಾಕ್ಟರು ಎಷ್ಟೇ ಒಳ್ಳೆಯವರಾದರೂ ಮೊದಲು ‘ಕುದುರೆಗೆ ಮಾಡಿದ್ದೀರಾ ಸಾರ್’ ಎಂದು ಕೇಳಲು ಸಂಕೋಚ ಬೇಡ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಿದರೆ ದಾರಿ ತಿಳಿಯುತ್ತದೆ.

ಮುಂಚೆ ನೋಡಬೇಕಾದ್ದು ಎರಡು. ಎರಡೂ ಬೀಜ ಚೀಲಕ್ಕೆ ಇಳಿದಿವೆಯೇ ಎಂದು ವೈದ್ಯರು ಮುಟ್ಟಿ ಖಚಿತ ಮಾಡಿಕೊಳ್ಳಬೇಕು. ಇಳಿಯದ್ದು ಇದ್ದರೆ ಅದು ತೋಟದ ಹುಲ್ಲಿನ ಮೇಲೆ ಮಾಡುವ ಶಸ್ತ್ರಚಿಕಿತ್ಸೆಯಲ್ಲ, ಆಸ್ಪತ್ರೆಯ ಕೆಲಸ. ಎರಡನೆಯದು ಧನುರ್ವಾಯು ಲಸಿಕೆ. ಕುದುರೆಯಷ್ಟು ಬೇಗ ಧನುರ್ವಾಯು ತಗಲುವ ಸಾಕುಪ್ರಾಣಿ ಇನ್ನೊಂದಿಲ್ಲ, ಬಂದರೆ ಉಳಿಯುವುದು ಕಷ್ಟ. ಲಸಿಕೆಯ ದಾಖಲೆ ಇಲ್ಲದಿದ್ದರೆ ‘ಹಾಕಿಲ್ಲ’ ಎಂದೇ ಲೆಕ್ಕ. ಇನ್ನೊಂದು ಸಣ್ಣ ವಿಷಯ: ಮತ್ತು ಬರಿಸಲು ಬಳಸುವ ಏಸ್‌ಪ್ರೊಮಝೀನ್ ಎಂಬ ಔಷಧದಿಂದ ಬೀಜದ ಗಂಡಿನಲ್ಲಿ ಶಿಶ್ನ ಹೊರಬಂದು ಒಳಗೆ ಹೋಗದೇ ಉಳಿಯುವ ಅಪಾಯವಿದೆ. ಅಪರೂಪವೇ, ಆದರೂ ಒಮ್ಮೆ ಆದರೆ ಆಯಿತು. ಯಾರೋ ಕೊಟ್ಟರೆಂದು ಅದನ್ನು ಮನೆಯಲ್ಲೇ ಚುಚ್ಚುವವರಿದ್ದಾರೆ, ಆ ಕೆಲಸ ಮಾಡಬೇಡಿ.

ಗಾಯವನ್ನು ಹೊಲಿಯದೆ ತೆರೆದೇ ಬಿಡುವುದು ರೂಢಿ, ಒಳಗಿನ ನೀರು ಇಳಿದು ಹೋಗಲೆಂದು. ಮೊದಲ 24 ಗಂಟೆ ಸ್ವಚ್ಛ ಲಾಯದಲ್ಲಿ ಸುಮ್ಮನೆ ನಿಲ್ಲಬೇಕು. ಎರಡನೇ ದಿನದಿಂದ ಬೆಳಿಗ್ಗೆ ಸಂಜೆ ಹದಿನೈದು ಇಪ್ಪತ್ತು ನಿಮಿಷ ನಡೆಸಬೇಕು, ಬರಬರುತ್ತಾ ಟ್ರಾಟ್‌ಗೆ (ನಿಧಾನದ ಓಟಕ್ಕೆ) ತರಬೇಕು. ಎರಡು ವಾರ ತಪ್ಪಿಸಬಾರದು. ‘ಪಾಪ, ನೋವಿದೆ’ ಎಂದು ಕಟ್ಟಿಹಾಕುವುದೇ ದೊಡ್ಡ ತಪ್ಪು. ಓಡಾಡದಿದ್ದರೆ ಗಾಯದ ಬಾಯಿ ಬೇಗ ಕೂಡಿ ಒಳಗೆ ನೀರು ನಿಲ್ಲುತ್ತದೆ, ಊತ ತೊಡೆಯವರೆಗೆ ಇಳಿಯುತ್ತದೆ, ಕೀವಾಗುತ್ತದೆ. ನಾಲ್ಕೈದನೇ ದಿನ ಊತ ಜಾಸ್ತಿ ಕಾಣುವುದು ಸಹಜ. ಜ್ವರ 101.5 ಫ್ಯಾರನ್‌ಹೀಟ್ ದಾಟಿದರೆ, ಮೇವು ಬಿಟ್ಟರೆ ಕರೆ ಮಾಡಿ. ರಕ್ತ ತೊಟ್ಟಿಕ್ಕುವಾಗ ಹನಿಗಳನ್ನು ಎಣಿಸಲು ಆಗುತ್ತಿದ್ದರೆ ಸ್ವಲ್ಪ ಹೊತ್ತು ಕಾಯಬಹುದು; ಧಾರೆಯಾಗಿ ಇಳಿಯುತ್ತ ಕಾಲು ಗಂಟೆಯಾದರೂ ನಿಲ್ಲದಿದ್ದರೆ ಕಾಯುವಂತಿಲ್ಲ. ಗಾಯದಿಂದ ಕರುಳಿನಂಥದ್ದು ಏನಾದರೂ ಜೋತುಬಿದ್ದರೆ ಒಳಕ್ಕೆ ತುರುಕಬೇಡಿ, ಸ್ವಚ್ಛವಾದ ಒದ್ದೆ ಟವೆಲ್‌ನಲ್ಲಿ ಹಿಡಿದು ಮೇಲಕ್ಕೆ ಆನಿಸಿಕೊಂಡು, ಕುದುರೆಯನ್ನು ಅಲುಗಾಡಿಸದೆ ವೈದ್ಯರನ್ನು ಕರೆಸಿ. ಹಾಗಾಗುವುದು ಕಡಿಮೆ, ಆದರೆ ಮೊದಲ ಕೆಲವು ಗಂಟೆಗಳಲ್ಲೇ ಆಗುವ ಸಾಧ್ಯತೆ ಹೆಚ್ಚು. ಅದಕ್ಕೇ ಸಂಜೆ ನಾಲ್ಕಕ್ಕೆ ಮಾಡಿಸದೆ ಬೆಳಿಗ್ಗೆ ಬೇಗ ಮಾಡಿಸುವುದು ಜಾಣತನ.

ಗಾಯ ಮಾಯಲು ಎರಡು ಮೂರು ವಾರ. ಸ್ವಭಾವ ಮಾಯಲು ಅದಕ್ಕಿಂತ ಹೆಚ್ಚು ಕಾಲ. ಹಾರ್ಮೋನು ಬೇಗ ಇಳಿದರೂ ನಾಳಗಳಲ್ಲಿ ಉಳಿದ ವೀರ್ಯದಿಂದ ಗಬ್ಬ ನಿಲ್ಲಿಸಬಹುದು. ಒಂದು ತಿಂಗಳಾದರೂ ಹೆಣ್ಣುಗಳಿಂದ ದೂರ ಇಡಿ. ಕಲಿತ ಚಾಳಿ ತಿಂಗಳುಗಟ್ಟಲೆ ಇರುತ್ತದೆ. ಸುಮಾರು ನಾಲ್ಕರಲ್ಲಿ ಒಂದು ಗೆಲ್ಡಿಂಗ್ ಹೆಣ್ಣುಗಳನ್ನು ಕಂಡರೆ ಒಂದಿಷ್ಟು ಗಂಡಿನಂತೆಯೇ ಆಡುತ್ತದೆ, ಚಿಕ್ಕಂದಿನಲ್ಲೇ ಒಡೆಸಿದ್ದರೂ. ಹಾಗಾಗಿ ಆರು ವರ್ಷದ, ಹೆಣ್ಣುಗಳಿಗೆ ಬಿಟ್ಟು ಅಭ್ಯಾಸವಾದ ಗಂಡನ್ನು ತಂದು ಬೀಜ ಒಡೆಸಿ, ಮುಂದಿನ ತಿಂಗಳು ಮಕ್ಕಳನ್ನು ಹತ್ತಿಸುವ ಯೋಜನೆ ಇದ್ದರೆ ಅದನ್ನು ಈಗಲೇ ಬಿಟ್ಟುಬಿಡಿ.

ಇದೇ ಕಾರಣಕ್ಕೆ ‘ಗೆಲ್ಡಿಂಗ್’ ಎಂದು ಮಾರುವ ಕುದುರೆಯನ್ನೂ ನಂಬಿ ತರಬಾರದು. ಹೊರಗಿನ ಒಂದು ಬೀಜ ತೆಗೆದು, ಹೊಟ್ಟೆಯಲ್ಲಿ ಉಳಿದದ್ದನ್ನು ಹಾಗೇ ಬಿಟ್ಟವು ಇರುತ್ತವೆ. ಒಳಗೆ ಉಳಿದ ಬೀಜ ವೀರ್ಯ ಕೊಡದಿದ್ದರೂ ಹಾರ್ಮೋನು ಕೊಡುತ್ತಲೇ ಇರುತ್ತದೆ. ಹೆಣ್ಣಿನ ಹಿಂದೆ ಬಿದ್ದು, ಕತ್ತು ದಪ್ಪಗಾಗಿ, ಬೇರೆ ಗಂಡುಗಳ ಮೇಲೆ ಏರಿಹೋಗುವ ‘ಗೆಲ್ಡಿಂಗ್’ ಸಿಕ್ಕರೆ ರಕ್ತದ ಹಾರ್ಮೋನು ಪರೀಕ್ಷೆ ಮಾಡಿಸಿದರೆ ಅನುಮಾನ ತೀರುತ್ತದೆ.

ನಿಜವಾದ ಗೆಲ್ಡಿಂಗ್ ಬಗ್ಗೆ ಹೇಳುವುದು ಕಡಿಮೆ, ಅದೇ ಅದರ ಹೆಗ್ಗಳಿಕೆ. ಎರಡು ವಿಷಯ ಗಮನದಲ್ಲಿರಲಿ. ಬೇಗ ಮೈ ಬರುತ್ತದೆ, ಅದರಲ್ಲೂ ದೇಶಿ ತಳಿ, ಮಿಶ್ರ ತಳಿ. 400 ಕಿಲೋ ತೂಕದ, ಹಗುರ ಕೆಲಸದ ಕುದುರೆಗೆ ದಿನಕ್ಕೆ ಆರರಿಂದ ಎಂಟು ಕಿಲೋ ಒಣಮೇವು ಮುಖ್ಯ. ಬೂಸಾ, ನೆನೆಸಿದ ಹುರುಳಿ ಕೆಲಸ ನೋಡಿಕೊಂಡು ಮಾತ್ರ. ಪಕ್ಕದ ಗಂಡಿಗೆ ಹಾಕಿದಷ್ಟೇ ಇದಕ್ಕೂ ಹಾಕಿದರೆ ಆರು ತಿಂಗಳಲ್ಲಿ ಜೀನಿನ ಪಟ್ಟಿ ಸಾಲುವುದಿಲ್ಲ. ಇನ್ನೊಂದು, ಶಿಶ್ನದ ಚೀಲದ ಸ್ವಚ್ಛತೆ. ವರ್ಷಕ್ಕೆ ಒಂದೆರಡು ಸಲ ಉಗುರುಬೆಚ್ಚಗಿನ ನೀರಿನಲ್ಲಿ, ಸೌಮ್ಯ ಸೋಪಿನಲ್ಲಿ ತೊಳೆದರೆ ಸಾಕು, ಅತಿಯಾಗಿ ತೊಳೆದರೆ ಚರ್ಮ ಕೆಡುತ್ತದೆ. ಮೂತ್ರದ ರಂಧ್ರದ ಪಕ್ಕದ ಗುಳಿಯಲ್ಲಿ ಕೊಳೆ ಸೇರಿ ಕಡಲೆಕಾಳಿನಂಥ ಗಟ್ಟಿ ಉಂಡೆಯಾಗುತ್ತದೆ. ಮೂತ್ರ ಸೀಳಿಕೊಂಡು ಚಿಮ್ಮುತ್ತಿದ್ದರೆ, ಹೊಯ್ಯುವಾಗ ಕಾಲು ಕುಟ್ಟುತ್ತಿದ್ದರೆ ಮೊದಲು ಅಲ್ಲಿ ನೋಡಿ. ತೊಳೆಯುವಾಗ ಮಾಯದ ಹುಣ್ಣು, ಗಂಟು ಕಂಡರೆ ವೈದ್ಯರಿಗೆ ತೋರಿಸಿ. ಆ ಜಾಗಕ್ಕೆ ಕ್ಯಾನ್ಸರ್ ಬರುವುದುಂಟು.

ಹೆಣ್ಣು ಕುದುರೆಗೆ ಅನ್ಯಾಯವಾಗಿ ಕೆಟ್ಟ ಹೆಸರು ಬಂದಿದೆ. ‘ಹೆಣ್ಣು ಮೂಡಿ’ (ಗಳಿಗೆಗೊಂದು ಸ್ವಭಾವ) ಅನ್ನುವವರು ಸಾಮಾನ್ಯವಾಗಿ ಒಂದು ಕ್ಯಾಲೆಂಡರನ್ನೂ ಇಟ್ಟಿರುವುದಿಲ್ಲ. ಬೆದೆಯ ಚಕ್ರ ಸುಮಾರು 21 ದಿನ, ಅದರಲ್ಲಿ ಬೆದೆ ಐದರಿಂದ ಏಳು ದಿನ. ಬಾಲ ಎತ್ತುವುದು, ಕಾಲಗಲಿಸಿ ಚೂರು ಚೂರೇ ಮೂತ್ರ ಬಿಡುವುದು, ಬೇರೆ ಕುದುರೆ ಹತ್ತಿರ ಬಂದರೆ ಕಿರುಚುವುದು, ಹೊಟ್ಟೆಪಟ್ಟಿ ಬಿಗಿಯುವಾಗ ಕಿವಿ ಹಿಂದಕ್ಕೆ ಮಡಚುವುದು. ತಂಪು ದೇಶಗಳಲ್ಲಿ ಚಳಿಗಾಲದಲ್ಲಿ ಹಗಲು ಚಿಕ್ಕದಾದಾಗ ಈ ಚಕ್ರ ನಿಲ್ಲುತ್ತದೆ. ಬೆಂಗಳೂರಿನಲ್ಲಿ ಅತಿ ದೊಡ್ಡ ಹಗಲಿಗೂ ಅತಿ ಚಿಕ್ಕ ಹಗಲಿಗೂ ಒಂದೂವರೆ ಗಂಟೆಯಷ್ಟೇ ವ್ಯತ್ಯಾಸ. ಹಾಗಾಗಿ ಇಲ್ಲಿ ಹಲವು ಹೆಣ್ಣುಗಳಿಗೆ ಆ ಬಿಡುವು ಸ್ಪಷ್ಟವಾಗಿ ಸಿಗುವುದಿಲ್ಲ. ಅಮೆರಿಕದ ಪುಸ್ತಕ ನೋಡಿ ‘ಡಿಸೆಂಬರ್‌ನಲ್ಲಿ ತಣ್ಣಗಿರುತ್ತದೆ’ ಎಂದು ಕಾದವರಿಗೆ ನಿರಾಸೆ.

ಮೂರು ತಿಂಗಳು ದಿನಾಂಕ ಬರೆದಿಡಿ. ತೊಂದರೆ 21 ದಿನಕ್ಕೊಮ್ಮೆ ಬಂದು ಹೋಗುತ್ತಿದ್ದರೆ ಬೆದೆ. ಆ ಐದಾರು ದಿನ ಕಲಿಯುವ ಮಕ್ಕಳನ್ನು ಬೇರೆ ಕುದುರೆಗೆ ಹತ್ತಿಸಿದರೆ ಸಮಸ್ಯೆ ಅಲ್ಲಿಗೆ ಮುಗಿಯಿತು. ಮೂವತ್ತು ದಿನವೂ ಹಾಗೇ ಇದ್ದರೆ ಅದು ಬೆದೆಯಲ್ಲ. ಜೀನು ಒತ್ತುತ್ತಿರಬಹುದು, ಹಲ್ಲು ಚುಚ್ಚುತ್ತಿರಬಹುದು, ರೇಸಿನಿಂದ ಬಂದದ್ದಾದರೆ ಹೊಟ್ಟೆಯಲ್ಲಿ ಹುಣ್ಣಿರಬಹುದು. ತರಬೇತಿಯಲ್ಲಿರುವ ರೇಸ್ ಕುದುರೆಗಳಲ್ಲಿ ಹತ್ತಕ್ಕೆ ಎಂಟು ಒಂಬತ್ತರಲ್ಲಿ ಹೊಟ್ಟೆಹುಣ್ಣು ಕಾಣಿಸುತ್ತದೆ, ಗಂಡು ಹೆಣ್ಣು ಭೇದವಿಲ್ಲದೆ. ಗಂಡಾದರೆ ‘ಹುಣ್ಣು’, ಹೆಣ್ಣಾದರೆ ‘ಮೂಡಿ’ ಎನ್ನುವ ರೋಗನಿರ್ಣಯ ನಮ್ಮ ಲಾಯಗಳಲ್ಲಿ ಧಾರಾಳವಾಗಿ ನಡೆಯುತ್ತದೆ! ಇನ್ನು ಇದ್ದಕ್ಕಿದ್ದಂತೆ ಗಂಡಿನ ಹಾಗೆ ಏರಿಹೋಗುವ, ಬೆದೆಯೇ ಕಾಣದ ಹೆಣ್ಣಿನ ಅಂಡಾಶಯವನ್ನು ಸ್ಕ್ಯಾನ್ ಮಾಡಿಸಬೇಕು. ಅಲ್ಲಿ ಗಡ್ಡೆ ಬೆಳೆದಾಗ ಹೀಗಾಗುತ್ತದೆ, ಒಂದು ಅಂಡಾಶಯ ತೆಗೆದರೆ ಸರಿಹೋಗುತ್ತದೆ.

ಬೆದೆ ತಡೆಯಲು ಬಾಯಿಗೆ ಹಾಕುವ ಆಲ್ಟ್ರೆನೊಜೆಸ್ಟ್ ಎಂಬ ಹಾರ್ಮೋನು ಔಷಧ ಇದೆ. ವೈದ್ಯರು ಬರೆದರೆ ಮಾತ್ರ. ಕೊಡುವವರು ಕೈಗವಸು ಹಾಕಲೇಬೇಕು, ಅದು ಚರ್ಮದ ಮೂಲಕ ಒಳಗೆ ಹೋಗುತ್ತದೆ, ಗರ್ಭಿಣಿಯರು ಮುಟ್ಟಲೇಬಾರದು. ಗರ್ಭಕೋಶದೊಳಗೆ ಗಾಜಿನ ಗೋಲಿ ಇಡಿಸುವ ಹಳೆಯ ಉಪಾಯವನ್ನು ಇನ್ನೂ ಹೇಳುವವರಿದ್ದಾರೆ. ಕೆಲಸ ಮಾಡುವ ಖಾತ್ರಿಯಿಲ್ಲ, ಒಳಗೆ ಒಡೆದರೆ ಗತಿಯಿಲ್ಲ.

ಸ್ಟಡ್ ಫಾರ್ಮಿನಿಂದ (ಕುದುರೆ ತಳಿ ಬೆಳೆಸುವ ಜಾಗದಿಂದ) ಹೊರಬಂದ ಹೆಣ್ಣನ್ನು ಕೊಳ್ಳುವಾಗ ಗಬ್ಬದ ಸ್ಕ್ಯಾನ್ ಮಾಡಿಸದೆ ದುಡ್ಡು ಕೊಡಬೇಡಿ. ಗಂಡಿಗೆ ಬಿಟ್ಟ ಹದಿನೈದು ಹದಿನಾರು ದಿನಕ್ಕೇ ಸ್ಕ್ಯಾನಿನಲ್ಲಿ ಕಾಣುತ್ತದೆ. ಗಬ್ಬದ ಅವಧಿ ಸುಮಾರು 340 ದಿನ. ಮೊದಲ ಐದಾರು ತಿಂಗಳು ಹಗುರ ಸವಾರಿ ಮಾಡಬಹುದು, ಕೊನೆಯ ಮೂರು ತಿಂಗಳು ಬಿಡುವು ಮತ್ತು ಹೆಚ್ಚು ಆಹಾರ, ಹುಟ್ಟಿದ ಮೇಲೆ ಮರಿಗೆ ಹಾಲು ಬಿಡಿಸಲು ನಾಲ್ಕರಿಂದ ಆರು ತಿಂಗಳು. ಕೆಲಸಕ್ಕೆಂದು ತಂದ ಕುದುರೆ ಹತ್ತಿರ ಹತ್ತಿರ ಒಂದು ವರ್ಷ ಕೆಲಸಕ್ಕೆ ಇಲ್ಲ, ಮರಿ ಮಾತ್ರ ಪುಕ್ಕಟೆ. ಕೆಲವರಿಗೆ ಅದು ಖುಷಿಯ ಲೆಕ್ಕ. ಕಾಲು ಕುಂಟಾದರೋ ವಯಸ್ಸಾದರೋ ಹೆಣ್ಣಿಗೆ ಬೆಲೆ ಉಳಿಯುವುದೂ ಇದರಿಂದಲೇ. ಆದರೆ ಮರಿಗೆ ಮುಂದೆ ಯಾರು ಮನೆ ಕೊಡುತ್ತಾರೆ ಎಂಬ ಪ್ರಶ್ನೆಗೆ ಉತ್ತರ ಗಬ್ಬ ಕಟ್ಟಿಸುವ ಮೊದಲೇ ಇರಬೇಕು.

ಗೆಲ್ಡಿಂಗ್, ಹೆಣ್ಣು ಎರಡನ್ನೂ ಒಂದೇ ಬಯಲಿಗೆ ಬಿಡಬಹುದೇ? ಎರಡು ಕುದುರೆಗಳಾದರೆ ನಡೆಯುತ್ತದೆ. ಐದಾರಾದರೆ ಒಂದು ಗೆಲ್ಡಿಂಗ್ ಹೆಣ್ಣುಗಳನ್ನು ತನ್ನದೆಂದು ಒತ್ತರಿಸಿಕೊಂಡು ಉಳಿದವನ್ನು ಮೇವಿನ ಹತ್ತಿರ ಬಿಡದಿರುವುದು ಮಾಮೂಲು. ಜಾಗ ಇದ್ದವರು ಬೇರೆ ಬೇರೆ ಬಿಡುವುದು ವಾಸಿ. ಹೊಸ ಕುದುರೆಯನ್ನು ಮೊದಲ ಮೂರು ವಾರ ಹೇಗೂ ಬೇರೆ ಇಡಬೇಕು. ಗ್ಲಾಂಡರ್ಸ್ ಪರೀಕ್ಷೆಯ ವರದಿ ಇಲ್ಲದೆ ಹೊರರಾಜ್ಯದ ಕುದುರೆಯನ್ನು ಲಾರಿಗೆ ಹತ್ತಿಸಲೇಬೇಡಿ. ಆ ರೋಗ ಮನುಷ್ಯರಿಗೂ ಬರುತ್ತದೆ, ಪತ್ತೆಯಾದ ಕುದುರೆಗೆ ಚಿಕಿತ್ಸೆ ಇಲ್ಲ, ದಯಾಮರಣವೇ.

ನೋಡಲು ಹೋಗುವಾಗ ಹೇಳಿ ಒಮ್ಮೆ, ಹೇಳದೆ ಒಮ್ಮೆ ಹೋಗಿ. ಹೇಳದೆ ಹೋದ ದಿನ ಕುದುರೆ ಹೇಗೆ ಕಟ್ಟಿದ್ದಾರೆ ನೋಡಿ: ಮುಂಗಾಲಿಗೆ ಹಿಂಗಾಲಿಗೆ ಹಗ್ಗ ಬಿಗಿದಿದ್ದರೆ ಕಾರಣ ಕೇಳಿ. ರೇಸ್ ಕುದುರೆಯಾದರೆ ಕತ್ತಿನ ಮೈಕ್ರೋಚಿಪ್ಪಿನ ಸಂಖ್ಯೆ ಪಾಸ್‌ಪೋರ್ಟಿಗೆ ತಾಳೆಯಾಗಬೇಕು. ಬೇರೆ ಕುದುರೆಯ ಪಕ್ಕದಲ್ಲೇ ನಡೆಸಿಕೊಂಡು ಹೋಗಲು ಹೇಳಿ, ನಾಲ್ಕೂ ಕಾಲು ಎತ್ತಿಸಿ, ಮೇವು ತಿನ್ನುವಾಗ ಹತ್ತಿರ ನಿಲ್ಲಿ. ಮಾರುವವರೇ ಮೊದಲು ಹತ್ತಲಿ. ಗಂಡು ಕುದುರೆಯ ಶಿಶ್ನ ಸುಮ್ಮನೆ ಜೋತುಬಿದ್ದು, ಕಣ್ಣೆವೆ ಅರ್ಧ ಮುಚ್ಚಿ, ತಲೆ ತಗ್ಗಿಸಿ ನಿಂತಿದ್ದರೆ ಅದು ಸಾಧುತನವಲ್ಲ, ಬೆಳಿಗ್ಗೆ ಯಾರೋ ಮತ್ತಿನ ಇಂಜೆಕ್ಷನ್ ಕೊಟ್ಟಿರಬಹುದು. ಆ ದಿನ ವಾಪಸ್ ಬಂದುಬಿಡಿ.

ಪರೀಕ್ಷೆಗೆಂದು ಮನೆಗೆ ಕಳಿಸಲು ಒಪ್ಪುವ ಮಾರಾಟಗಾರರು ಇದ್ದಾರೆ. ಗೆಲ್ಡಿಂಗ್‌ಗೆ ಹತ್ತು ದಿನ ಕೇಳಿ. ಹೆಣ್ಣಿಗೆ ಮೂರು ವಾರಕ್ಕಿಂತ ಕಡಿಮೆ ಒಪ್ಪಿಕೊಳ್ಳಬೇಡಿ, ಒಂದು ಬೆದೆಯಾದರೂ ನಿಮ್ಮ ಕಣ್ಣೆದುರು ಬಂದು ಹೋಗಲಿ.